ಟವೆಲ್ ಕೆಳಗಿನ ದಾಳ

ಕಳೆದ ವರ್ಷ ಶ್ರಾವಣದ ಎರಡನೇ ಶನಿವಾರ ಬೆಳಗ್ಗೆ, ಹಿಂದೂಪುರದ ಒಂದು ಸ್ಕ್ಯಾನಿಂಗ್ ಸೆಂಟರಿನಿಂದ ನನ್ನ ಭಾವ ಅಲ್ಲಿ ತೊಡಿಸಿದ್ದ ಹಸಿರು ಗೌನಿನಲ್ಲೇ ರಸ್ತೆಗೆ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಡಗಾಲು ನೆಲಕ್ಕೆ ಉಜ್ಜುತ್ತಿತ್ತು. ಎದುರಿನ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ಇಳಿಸುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಭಾವ ಒಂದು ಮೂಟೆಯ ಮೇಲೆ ಕೂತು ನೀರು ಕೇಳಿದರು.

ಅವರು ಹಾಗೆ ಹೊರಗೆ ಬಂದದ್ದು ಅದು ಎರಡನೇ ಸಲ. ಮೊದಲ ಸಲ ಸ್ಕ್ಯಾನಿಂಗ್ ಯಂತ್ರದ ಕೊಳವೆಯೊಳಗೆ ತಲೆ ಹೋಗುವ ಮೊದಲೇ ಎದ್ದಿದ್ದರು. ಈ ಸಲ ಎದೆಯವರೆಗೆ ಹೋಗಿದ್ದರಂತೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಲ್ಯಾಣದುರ್ಗದಲ್ಲಿ ಮನೆ. ಕುರಿ ವ್ಯಾಪಾರ. ವಯಸ್ಸು ಅರವತ್ತು ದಾಟಿದೆ. ಬೇಸಿಗೆಯಲ್ಲಿ ಎಡಗಾಲಿಗೆ ಜೋಮು ಹಿಡಿಯಲು ಶುರುವಾಯಿತು. ಮಳೆಗಾಲ ಬರುವಷ್ಟರಲ್ಲಿ ಮೊಣಕಾಲಿನ ಕೆಳಗೆ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಬೆನ್ನುಮೂಳೆಯಲ್ಲಿ ನರ ಒತ್ತಿಕೊಂಡಿದೆ, ಎಲ್ಲಿ ಎಂದು ಸ್ಕ್ಯಾನ್ ನೋಡದೆ ಕತ್ತರಿ ಹಾಕುವುದಿಲ್ಲ, ತಡವಾದರೆ ಕಾಲು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಿದ್ದೆ ಬರುವ ಮದ್ದು ಕೊಟ್ಟು ಒಳಗೆ ಕಳಿಸಬಹುದೇ ಎಂದು ನಾನು ಕೇಳಿದೆ. ಅವರ ಸಕ್ಕರೆ ಮತ್ತು ಉಬ್ಬಸಕ್ಕೆ ಅದು ಇಲ್ಲಿ ಬೇಡ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಭಾವ ಅದಕ್ಕೂ ಒಪ್ಪಲಿಲ್ಲ.

"ಎಚ್ರ ಇದ್ರೆ ಓಡಿ ಬರಬೋದು. ಮಲಗಿಸ್ಬುಟ್ಟು ಒಳಗಾಕಿದ್ರೆ ಏನ್ ಮಾಡ್ಲಿ?" ಎಂದರು.

ಮುಚ್ಚಿದ ಜಾಗ ಅವರಿಗೆ ಯಾವತ್ತೂ ಆಗುವುದಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಾರೆ. ಚಳಿಗಾಲದಲ್ಲೂ ಮಲಗುವ ಕೋಣೆಯ ಬಾಗಿಲು ತೆರೆದಿರಬೇಕು. ಕಾರಣ ಕೇಳಿದ್ದೇನೆ. "ಇಷ್ಟ ಇಲ್ಲ" ಎನ್ನುವುದರ ಆಚೆ ಉತ್ತರ ಬಂದಿಲ್ಲ.

ಎರಡನೇ ಸಲ ಅಲ್ಲಿನ ಟೆಕ್ನಿಷಿಯನ್ ಹೆಣ್ಣುಮಗಳು, ಮನೆಯವರೊಬ್ಬರು ಒಳಗೆ ಜೊತೆಗಿರಬಹುದು, ಆದರೆ ಮೈಮೇಲೆ ಲೋಹ ಏನೂ ಇರಬಾರದು ಎಂದಿದ್ದಳು. ನಾನು ಹೋಗುತ್ತೇನೆ ಎಂದೆ. ನಾದಿನಿಯ ಮುಂದೆ ಗೌನು ಹಾಕಿ ಮಲಗುವುದಿಲ್ಲ ಎಂದು ಭಾವ ತಲೆಯಾಡಿಸಿದರು. ಉಳಿದದ್ದು ಅಕ್ಕ. ಅವಳು ಕಿವಿಯೋಲೆ ಬಿಚ್ಚಿದಳು, ಮೂಗುತಿ ಬಿಚ್ಚಿದಳು. ತಾಳಿ ಮತ್ತು ಕಾಲುಂಗುರದ ಮಾತು ಬಂದಾಗ ನಿಂತಳು.

"ಅವ್ರು ಅಲ್ಲಿ ಮಲಗಿರೋವಾಗ ನಾನು ತಾಳಿ ತೆಗೀಲಾ? ಏನ್ ಮಾತಾಡ್ತಿದೀಯಮ್ಮ ನೀನು?"

ಟೆಕ್ನಿಷಿಯನ್ ತೆಲುಗಿನಲ್ಲಿ ಮತ್ತೊಮ್ಮೆ ವಿವರಿಸಿದಳು. ಅಕ್ಕ ಓಲೆಯನ್ನು ವಾಪಸ್ ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಳು. ಭಾವ ಒಬ್ಬರೇ ಒಳಗೆ ಹೋದರು. ಆಮೇಲಿನದ್ದು ಮಂಡಿಯವರು ನೋಡಿದ್ದೇ.

ನಾನು ಹಿಂದೂಪುರದಲ್ಲಿ ಇರುತ್ತೇನೆ. ಕನ್ನಡ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಡೆಸ್ಕಿನಲ್ಲಿದ್ದೆ. ಈಗ ಮನೆಯಿಂದಲೇ ಪುಟ ನೋಡುತ್ತೇನೆ. ಭಾನುವಾರ ವಾರದ ರಜೆ. ಆ ಮಳೆಗಾಲದಲ್ಲಿ ಪ್ರತಿ ಭಾನುವಾರ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದೆ. ಸಂತೆಗೆ ಹೋಗಲಾಗದ ಭಾವ ನಡುಮನೆಯಲ್ಲಿ ಕೂತು ಎಲ್ಲದಕ್ಕೂ ರೇಗುತ್ತಿದ್ದರು. ಮನೆಯೊಳಗೆ ಇಬ್ಬರೂ ಸಿಕ್ಕಿಹಾಕಿಕೊಂಡಿದ್ದೇವೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಹೊತ್ತು ಕಳೆಯಲೆಂದು ನಾನು ಒಂದು ಆಟ ತೆಗೆದುಕೊಂಡು ಹೋದೆ. ಆಟದಿಂದ ಚಿಕಿತ್ಸೆಗೆ ನೆರವಾದೀತೆಂಬ ಯೋಚನೆ ಆಗ ಯಾರಿಗೂ ಇರಲಿಲ್ಲ.

ಈ ಆಟವನ್ನು ನಾನು ಕಲಿತದ್ದು ಬೆಂಗಳೂರಿನ ಡೆಸ್ಕಿನಲ್ಲಿ, ಕ್ರೀಡಾಪುಟದ ಸಹೋದ್ಯೋಗಿಗಳಿಂದ. ಹಾಸು ಬೇಡ, ಕಾಯಿ ಬೇಡ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಕಥೆಯೊಳಗೆ ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆ ಎಂದು ಹೇಳುತ್ತಾರೆ. ಮಾಡಿದ್ದು ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ದಾಳ ಹಾಕುತ್ತಾರೆ. ನಾನು ಕಥೆ ನಡೆಸುವವಳಾದೆ. ಆಡುವವರು ಮೂವರು: ಭಾವ, ಅಕ್ಕ, ಮತ್ತು ಎದುರು ಮನೆಯ ನಿವೃತ್ತ ಬಸ್ ಕಂಡಕ್ಟರು. ಅವರನ್ನು ನಾವೆಲ್ಲ ಕಂಡಕ್ಟ್ರಣ್ಣ ಎನ್ನುತ್ತೇವೆ.

ಕಥೆ ಕುಂದುರ್ಪಿ ಕಡೆಯ ಒಂದು ಕೋಟೆ ಬೆಟ್ಟದಲ್ಲಿ ನಡೆಯುತ್ತದೆ ಎಂದೆ. ಯಾರು ಯಾರಾಗುತ್ತೀರಿ ಎಂದು ಕೇಳಿದೆ. ಕಂಡಕ್ಟ್ರಣ್ಣ ಪಾಳೆಗಾರ ಆದರು. ಅಕ್ಕ ಸರ್ಕಲ್ ಇನ್ಸ್‌ಪೆಕ್ಟರ್ ಆದಳು.

"ಪಾಳೆಗಾರ್ರ ಕಾಲ್ದಾಗೆ ಇನ್ಸ್‌ಪೆಕ್ಟ್ರು ಎಲ್ಲಿಂದ ಬಂದ್ಲು?" ಎಂದು ಕಂಡಕ್ಟ್ರಣ್ಣ ತಕರಾರು ತೆಗೆದರು.

"ನಿನ್ನ ಮೇಲೆ ಕಂಪ್ಲೇಂಟ್ ಬಂದೈತೆ. ಅದ್ಕೇ ಬಂದೆ," ಎಂದಳು ಅಕ್ಕ.

ಭಾವ ಮಾತ್ರ, "ಕುರಿ ಯಾಪಾರಿನೇ ಆಯ್ತೀನಿ. ಬೇರೆ ಏನೂ ಗೊತ್ತಿಲ್ಲ ನಂಗೆ," ಎಂದರು. ಅವರ ಕುರಿಯೊಂದು ಬೆಟ್ಟದ ಗುಹೆಯೊಳಗೆ ಹೊಕ್ಕು ಕಾಣೆಯಾಗಿದೆ ಎಂದು ಕಥೆ ಶುರು ಮಾಡಿದೆ.

ಮೊದಲ ಭಾನುವಾರದ ಆಟ ಕಾಲು ಗಂಟೆಯಲ್ಲಿ ಮುಗಿಯಿತು. ತಪ್ಪು ನನ್ನ ವೃತ್ತಿಯದು. ಮುಖ್ಯ ಸಂಗತಿ ಮೊದಲ ವಾಕ್ಯದಲ್ಲೇ ಇರಬೇಕು, ಉಳಿದದ್ದು ಕೆಳಗೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು: ಡೆಸ್ಕಿನಲ್ಲಿ ಕಲಿತದ್ದು ಇದು. ಆದ್ದರಿಂದ ನಾನು ಹೇಳಿದ್ದು ಹೀಗೆ: "ಗುಹೆಯ ಒಳಗೆ ಒಂದು ಕರಡಿ ಇದೆ. ನೀವು ಮೂವರು ಸಂಜೆ ಹೊತ್ತಿಗೆ ಗುಹೆಯ ಬಾಯಿಗೆ ಬಂದಿದ್ದೀರಿ."

ಕಂಡಕ್ಟ್ರಣ್ಣ ನನ್ನ ಮುಖ ನೋಡಿದರು. "ಕರಡಿ ಐತೆ ಅಂತ ನೀನೇ ಹೇಳ್ಬುಟ್ಟೆ. ಇನ್ನು ಯಾವ ಮನುಷ್ಯ ಒಳಗೋಯ್ತಾನೆ? ದಿಗಂಡಿ, ದಿಗಂಡಿ. ಎಲ್ಲಾರೂ ಇಳೀರಿ. ಬಸ್ಸು ಮುಂದಕ್ಕೋಗಲ್ಲ."

"ಕುರಿ?" ಎಂದೆ.

"ಕರಡಿ ತಿಂದಿರ್ತದೆ ಬಿಡು," ಎಂದರು ಭಾವ. "ಪೇಪರ್‌ನಾಗೆ ಬರೆದಂಗೆ ಹೇಳ್ತೀಯಲ್ಲಮ್ಮ. ಯಾರು ಸತ್ರು ಅಂತ ಮೇಲ್ಗಡೆನೇ ಹಾಕ್ಬುಟ್ರೆ ಕೆಳಗಿಂದು ಯಾರು ಓದ್ತಾರೆ?"

ಮುಂದಿನ ವಾರ ನಾನು ಇನ್ನೊಂದು ತುದಿಗೆ ಹೋದೆ. ಏನನ್ನೂ ಹೇಳಲಿಲ್ಲ. ಕಿಟಕಿಗೆ ಚಾದರ ಕಟ್ಟಿಸಿದೆ. ದನಿ ಇಳಿಸಿ ನಿಧಾನವಾಗಿ ಮಾತಾಡಿದೆ. ಗುಹೆ ಕಿರಿದಾಗುತ್ತದೆ. ತೆವಳಬೇಕು. ಹೆಗಲು ಎರಡೂ ಕಡೆ ಬಂಡೆಗೆ ತಾಗುತ್ತದೆ. ಮುಂದೆ ಏನೋ ಉಸಿರಾಡುವ ಸದ್ದು. ಎಷ್ಟು ದೂರ ಎಂದು ಭಾವ ಕೇಳಿದರು. ಗೊತ್ತಿಲ್ಲ ಎಂದೆ. ಆ ಕಡೆ ದಾರಿ ಇದೆಯಾ ಎಂದು ಭಾವ ಕೇಳಿದರು. ಕಾಣುವುದಿಲ್ಲ ಎಂದೆ. ಕಂಡಕ್ಟ್ರಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಟ ಹಿಡಿದಿದೆ ಎಂದು ನನಗನ್ನಿಸಿತು. ಇನ್ನೂ ಸ್ವಲ್ಪ ಕಿರಿದು ಮಾಡಿದೆ.

ಕುರ್ಚಿ ಬಿದ್ದ ಸದ್ದಾಯಿತು. ಭಾವ ಗೋಡೆ ಹಿಡಿದುಕೊಂಡು ಬೀದಿಗೆ ಹೋಗಿಯಾಗಿತ್ತು. ಜಗುಲಿಯ ಮೇಲೆ ಕೂತ ಅವರ ಬೆನ್ನು ಬಾಗಿಲಿನಿಂದ ಕಾಣುತ್ತಿತ್ತು. ಬೆವರಿಗೆ ಅಂಗಿ ಅಂಟಿಕೊಂಡಿತ್ತು.

ಅಕ್ಕ ಚಾದರ ಕಿತ್ತೆಸೆದಳು. "ಆಟ ಆಡ್ಸಾಕೆ ಬಂದ್ಯಾ, ಅವ್ರನ್ನ ಸಾಯ್ಸಾಕೆ ಬಂದ್ಯಾ?"

ಆ ವಾರ ಪುಟಗಳ ನಡುವೆ ಬಿಡುವಾದಾಗ ಎರಡೂ ಆಟಗಳ ಬಗ್ಗೆ ಯೋಚಿಸಿದೆ. ಮೊದಲನೆಯದರಲ್ಲಿ ಎಲ್ಲ ಗೊತ್ತಿತ್ತು, ಆದ್ದರಿಂದ ಯಾರೂ ಹೆಜ್ಜೆ ಇಡಲಿಲ್ಲ. ಎರಡನೆಯದರಲ್ಲಿ ಏನೂ ಗೊತ್ತಿರಲಿಲ್ಲ. ಕುತೂಹಲವನ್ನು ಕಟ್ಟುತ್ತಿದ್ದೇನೆ ಎಂದುಕೊಂಡು ನಾನು ಬರೀ ಕತ್ತಲನ್ನು ಕಟ್ಟಿದ್ದೆ. ಭಾವ ಕೇಳಿದ್ದು ಎರಡೇ ಪ್ರಶ್ನೆ. ಎರಡರ ಉತ್ತರವನ್ನೂ ಮುಚ್ಚಿಟ್ಟಿದ್ದೆ. ಸ್ಕ್ಯಾನಿಂಗ್ ಸೆಂಟರಿನಲ್ಲೂ ಅವರು ಅದನ್ನೇ ಕೇಳಿದ್ದರು: ಎಷ್ಟು ಹೊತ್ತು, ಯಾವಾಗ ಹೊರಗೆ. "ಸ್ವಲ್ಪ ಹೊತ್ತು, ಅಲ್ಲಾಡಬೇಡಿ" ಎಂಬ ಉತ್ತರ ಸಿಕ್ಕಿತ್ತು.

ಭಾವ ಇನ್ನು ಆಡುವುದಿಲ್ಲ ಎಂದುಕೊಂಡಿದ್ದೆ. ಮೂರನೇ ಭಾನುವಾರ ನಾನು ಹೋದಾಗ ಅವರೇ ಕುರ್ಚಿ ಎಳೆದುಕೊಂಡು ಬಾಗಿಲಿಗೆ ಹತ್ತಿರ ಕೂತಿದ್ದರು.

"ಕುರಿ ಬಿಟ್ಟು ಬಂದ್ಬುಟ್ಟಿದೀನಲ್ಲ ಅಲ್ಲಿ," ಎಂದರು.

ಈ ಸಲ ಎಲ್ಲವನ್ನೂ ಹೇಳಿದೆ. ಸುರಂಗದ ಉದ್ದ ಈ ನಡುಮನೆಯಿಂದ ಬೀದಿಯ ಬೇವಿನ ಮರದವರೆಗೆ. ತೆವಳಿಯೇ ಹೋಗಬೇಕು. ಆ ಕೊನೆಯಲ್ಲಿ ಬೆಳಕಿದೆ, ಹೊರಗೆ ಹೋಗಲು ದಾರಿ ಇದೆ. ಕುರಿ ಅಲ್ಲಿದೆ. ಕರಡಿ ಇಲ್ಲ. ಗೊತ್ತಿಲ್ಲದ್ದು ಒಂದೇ: ದಾರಿಯಲ್ಲಿ ಮೂರು ಕಡೆ ಬಂಡೆ ಸಡಿಲವಾಗಿದೆ. ಒಂದೊಂದು ಕಡೆಯೂ ದಾಳ ಹಾಕಬೇಕು. ದಾಳದಲ್ಲಿ ಒಂದೇ ಚುಕ್ಕೆ ಬಿದ್ದರೆ ಬಂಡೆ ಜಾರಿ ಹಿಂದಿನ ದಾರಿ ಮುಚ್ಚುತ್ತದೆ.

"ಹಿಂದೆ ಮುಚ್ಚಿದ್ರೆ?" ಭಾವ ಕೇಳಿದರು.

"ಮುಂದೆ ತೆರೆದಿರುತ್ತೆ."

"ಅದು ಗ್ಯಾರಂಟಿನಾ?"

"ಗ್ಯಾರಂಟಿ."

ಕಥೆ ನಡೆಸುವವರು ಕೆಲವು ದಾಳಗಳನ್ನು ಮರೆಯಲ್ಲಿ ಹಾಕುತ್ತಾರೆ. ನಾನು ಅಕ್ಕನ ಮೊರವನ್ನು ಅಡ್ಡ ನಿಲ್ಲಿಸಿ ದಾಳ ಕೈಗೆತ್ತಿಕೊಂಡೆ. ಭಾವ ಕೈ ಚಾಚಿ ಮೊರವನ್ನು ಮಲಗಿಸಿದರು.

"ಅದೇನಮ್ಮ ಮೊರದ ಹಿಂದೆ? ಒಳಗೆ ತೆವಳ್ತಿರೋನು ನಾನು. ಇತ್ತ ಕೊಡು."

ಹೆಗಲ ಮೇಲಿದ್ದ ಟವೆಲನ್ನು ತೆಗೆದು ಬಲಗೈ ಮೇಲೆ ಹಾಸಿಕೊಂಡರು. ಕುರಿ ಸಂತೆ ನೋಡಿದವರಿಗೆ ಇದು ಹೊಸತಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ರೇಟು ಮಾತಾಡುತ್ತಾರೆ. ಸುತ್ತ ನಿಂತ ಜನರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ. ಮುಖದಲ್ಲಿ ಏನೂ ಇರುವುದಿಲ್ಲ. ಭಾವ ನಲವತ್ತು ವರ್ಷ ಮಾಡಿದ ಕೆಲಸ ಅದು.

ದಾಳವನ್ನು ಟವೆಲ್ ಕೆಳಗೆ ತಮ್ಮ ಅಂಗೈಯಲ್ಲೇ ಉರುಳಿಸಿದರು. ನನ್ನ ದಾಳದ ಚುಕ್ಕೆಗಳು ಗುಳಿ ಗುಳಿಯಾಗಿವೆ, ಹೆಬ್ಬೆರಳಿಗೆ ಸಿಗುತ್ತವೆ. ಸ್ವಲ್ಪ ಹೊತ್ತು ಟವೆಲ್ ಅಲ್ಲಾಡಿತು. ನಿಂತಿತು. ಭಾವ ಎಡಗೈಯಿಂದ ಒಂದು ಕಡಲೆಕಾಯಿ ತೆಗೆದುಕೊಂಡು ಹಲ್ಲಲ್ಲಿ ಒಡೆದರು.

"ಏನ್ ಬಿತ್ತು?" ಎಂದಳು ಅಕ್ಕ.

ಭಾವ ಇನ್ನೊಂದು ಕಡಲೆಕಾಯಿ ತೆಗೆದುಕೊಂಡರು.

"ರೀ, ಏನ್ ಬಿತ್ತು ಹೇಳ್ರೀ!"

"ಇನ್ಸ್‌ಪೆಕ್ಟರಮ್ಮ ಯಾಕೆ ಬೆವರ್ತಾವ್ಳೆ?" ಎಂದರು ಭಾವ.

ಕಂಡಕ್ಟ್ರಣ್ಣ ಎದ್ದು ನಿಂತರು. "ಇದು ಆಗಲ್ಲ ಕಣಪ್ಪ. ಒಂದು ಬಿದ್ರೂ ನೀನು ಇಲ್ಲ ಅಂತೀಯ. ಚೆಕಿಂಗ್ ಬೇಕು."

ಚೆಕಿಂಗಿಗೆ ಅಕ್ಕನ ಕೈ ಟವೆಲ್ ಕೆಳಗೆ ಹೋಯಿತು. ಹೆಂಗಸರು ಸಂತೆಯಲ್ಲಿ ಆ ಟವೆಲ್ ಕೆಳಗೆ ಕೈ ಇಡುವುದಿಲ್ಲ. ಅಕ್ಕ ಅಷ್ಟು ವರ್ಷದಲ್ಲಿ ಇಟ್ಟಿರಲಿಲ್ಲ. ಭಾವ ಅವಳ ಬೆರಳುಗಳನ್ನು ದಾಳದ ಮೇಲೆ ಇರಿಸಿ, ಆಮೇಲೆ ಸಂತೆಯ ಲೆಕ್ಕದಲ್ಲಿ ಬೆರಳು ಒತ್ತಿ ತೋರಿಸಿದರು. "ಹಿಂಗಂದ್ರೆ ನಾಕು. ತಿಳೀತಾ?" ಎಂದು ಹೇಳಿಬಿಟ್ಟು, ಗುಟ್ಟು ಬಾಯಿಬಿಟ್ಟಿದ್ದಕ್ಕೆ ತಾವೇ ನಾಲಿಗೆ ಕಚ್ಚಿಕೊಂಡರು.

ಎರಡನೇ ಬಂಡೆಯಲ್ಲಿ ಗುಟ್ಟು ಬಿಡಲಿಲ್ಲ. ಈಗ ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ. ಕಥೆ ನಡೆಸುವವಳು ನಾನು, ಮುಂದಿನ ವಾಕ್ಯ ನನ್ನ ಹತ್ತಿರ ಇರಲಿಲ್ಲ. ವರದಿಗಾರನ ಫೋನು ಬರದೆ ಪುಟ ಕಟ್ಟುವ ಹೊತ್ತಾದಾಗ ಹೇಗೆ ಕೂರುತ್ತಿದ್ದೆವೋ ಹಾಗೆ ಕೂತಿದ್ದೆ. ಮುಂದೆ ತೆವಳುತ್ತಿದ್ದವರು ಭಾವ. ಉಸಿರು ಹಿಡಿದದ್ದು ಕಂಡಕ್ಟ್ರಣ್ಣ ಮತ್ತು ನಾನು.

"ದಾಟಿದ್ವಿ," ಎಂದರು ಭಾವ.

ಮೂರನೆಯದಕ್ಕೆ ಟವೆಲ್ ಬಹಳ ಹೊತ್ತು ಅಲ್ಲಾಡಿತು. ಹೇಳಲೇ ಎಂಬಂತೆ ಅಕ್ಕ ಭಾವನ ಮುಖ ನೋಡಿದಳು. ಭಾವ ತಲೆಯಾಡಿಸಿದರು.

"ಮುಚ್ಕೊಂತು," ಎಂದಳು ಅಕ್ಕ.

ನಾನು ಬಾಗಿಲಿನ ಕಡೆ ನೋಡಿದೆ. ಭಾವ ಎದ್ದಿರಲಿಲ್ಲ. ಕೈ ಟವೆಲ್ ಕೆಳಗೇ ಇತ್ತು. ಉಸಿರು ಜೋರಾಗಿತ್ತು, ಕೇಳಿಸುತ್ತಿತ್ತು.

"ಹಿಂದೆ ಏನೂ ಇಲ್ಲ ಈಗ?" ಎಂದರು ನನಗೆ.

"ಇಲ್ಲ."

ಕಂಡಕ್ಟ್ರಣ್ಣ ಬಸ್ಸಿನ ದನಿಯಲ್ಲಿ ಕೂಗಿದರು: "ಮುಂದುಕು ಜರಗಂಡಿ! ಮುಂದೆ ಸೀಟು ಖಾಲಿ ಐತೆ, ಮುಂದಕ್ಕೆ ಸರೀರಿ!"

"ಸರೀತೀನಿ," ಎಂದರು ಭಾವ. ಆ ದಿನ ಆಟವನ್ನು ಅಲ್ಲಿಗೆ ನಿಲ್ಲಿಸಿದೆವು.

ಕಾಫಿ ಕುಡಿಯುವಾಗ ಅಕ್ಕ, "ಇನ್ನೊಂದ್ಸಲ ಹೋಗಾನ ಹಿಂದೂಪುರಕ್ಕೆ. ನಾನೂ ಒಳಗೆ ಬತ್ತೀನಿ," ಎಂದಳು. ಭಾವ ಅವಳ ಕೊರಳ ಕಡೆ ನೋಡಿದರು. 

ಸೋಮವಾರ ನಾನು ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ಟೆಕ್ನಿಷಿಯನ್‌ಗೆ ವರದಿಗಾರರು ಕೇಳುವಂತೆ ಕೇಳಿದೆ. ಒಟ್ಟು ಆರು ಸುತ್ತು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಸದ್ದು ನಿಲ್ಲುತ್ತದೆ. ಐದನೆಯದರ ಸದ್ದು ಜಾಸ್ತಿ. ಕೊನೆಯದು ಉದ್ದ. ಕೈಗೆ ಒಂದು ರಬ್ಬರ್ ಚೆಂಡು ಕೊಡುತ್ತಾರೆ; ಒತ್ತಿದರೆ ಅಲ್ಲಿಗೇ ನಿಲ್ಲಿಸಿ ಹೊರಗೆ ಎಳೆಯುತ್ತಾರೆ. ಒತ್ತಿದರೆ ಮೊದಲಿನಿಂದ ಶುರು ಮಾಡಬೇಕಾಗಬಹುದು. ಇದನ್ನೆಲ್ಲ ಭಾವನಿಗೆ ಫೋನಿನಲ್ಲಿ ಹೇಳಿದೆ. ಮೊದಲ ವಾಕ್ಯ: "ಆರು ಸುತ್ತು ಆದಮೇಲೆ ಹೊರಗೆ ಬರುತ್ತೀರಿ."

ಆ ಶನಿವಾರ ಬೆಳಗ್ಗೆ ಅವರಿಬ್ಬರೂ ಹಿಂದೂಪುರದ ನನ್ನ ಮನೆಯಲ್ಲಿದ್ದರು. ಅಕ್ಕ ಅರಿಶಿನದಲ್ಲಿ ಅದ್ದಿದ ನೂಲಿಗೆ ಒಂದು ಅರಿಶಿನದ ಕೊಂಬು ಕಟ್ಟಿ ದೇವರ ಮುಂದೆ ಇಟ್ಟಿದ್ದಳು. ಅದನ್ನು ಭಾವ ಅವಳ ಕೊರಳಿಗೆ ಕಟ್ಟಿದ ಮೇಲೆಯೇ ಚಿನ್ನದ ತಾಳಿಯನ್ನು ತೆಗೆಯಬೇಕು ಎಂಬುದು ಅವಳ ಕರಾರು. ಭಾವನಿಗೆ ಬಗ್ಗಲು ಆಗುತ್ತಿರಲಿಲ್ಲ. ಅಕ್ಕ ಮಣೆಯ ಮೇಲಿಂದ ಎದ್ದು ಕುರ್ಚಿಯ ಮುಂದೆ ಬೆನ್ನು ಮಾಡಿ ನಿಂತಳು.

"ಎರಡನೇ ಮದ್ವೆ," ಎಂದರು ಭಾವ ಗಂಟು ಹಾಕುತ್ತಾ.

"ಮೊದಲ್ನೇದ್ರಾಗೇ ಸಾಕಾಗೈತೆ. ಗಟ್ಟಿಯಾಗಿ ಹಾಕ್ರಿ."

ಕಾಲುಂಗುರ ಬೆರಳಿಗೆ ಹೂತುಹೋಗಿತ್ತು. ಸೋಪು ಹಚ್ಚಿದರೂ ಬರಲಿಲ್ಲ. ಹರಳೆಣ್ಣೆ ಹಚ್ಚಿ ಬಟ್ಟೆಯಲ್ಲಿ ಹಿಡಿದು ತಿರುಗಿಸಿದ ಮೇಲೆ ಬಂತು. ಅದು ಇದ್ದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು.

ಸ್ಕ್ಯಾನಿಂಗ್ ಕೋಣೆಗೂ ಟೆಕ್ನಿಷಿಯನ್ ಕೂರುವ ಕೋಣೆಗೂ ನಡುವೆ ಗಾಜು ಇದೆ. ನನ್ನನ್ನು ಅವಳ ಹಿಂದೆ ನಿಲ್ಲಲು ಬಿಟ್ಟರು. ಭಾವ ಮಲಗಿದರು. ಬಲಗೈಯಲ್ಲಿ ರಬ್ಬರ್ ಚೆಂಡು. ಎಡಗೈ ಹೊಟ್ಟೆಯ ಮೇಲೆ. ಹಲಗೆ ಒಳಗೆ ಹೋಯಿತು. ತಲೆ, ಎದೆ, ಸೊಂಟ. ಹೊರಗೆ ಉಳಿದದ್ದು ಕಾಲುಗಳು. ಯಂತ್ರದ ಬಾಯಿಯ ಪಕ್ಕದಿಂದ ಅಕ್ಕ ಒಳಗೆ ಕೈ ಚಾಚಿ ಅವರ ಎಡಗೈ ಹಿಡಿದಳು. ಅವಳ ಮೊಣಕೈಯಿಂದ ಒಳಗಿನವರೆಗೆ ಭಾವನ ಟವೆಲ್ ಹಾಸಿತ್ತು. ಟವೆಲ್ ಯಾಕೆ ಎಂದು ಟೆಕ್ನಿಷಿಯನ್ ಕೇಳಿದ್ದಳು. ಚಳಿಗೆ ಎಂದಿದ್ದೆ.

ಮೊದಲ ಸುತ್ತಿನ ಸದ್ದು ಗಾಜಿನ ಈ ಕಡೆಗೂ ಕೇಳಿತು. ನಿಂತಿತು. ಟವೆಲ್ ಅಲ್ಲಾಡಿತು. ಇನ್ನೆಷ್ಟು ಸುತ್ತು ಎಂದು ಅಕ್ಕ ಬೆರಳು ಒತ್ತಿ ಹೇಳುತ್ತಿದ್ದಳು. ಎರಡನೆಯದು ಆಯಿತು. ಮೂರನೆಯದೂ ಆಯಿತು.

ನಾಲ್ಕನೆಯದರ ಮಧ್ಯದಲ್ಲಿ ಭಾವನ ಎಡಗಾಲು ತಾನಾಗಿ ಅದುರಿತು. ಸದ್ದು ನಿಂತಿತು. ಟೆಕ್ನಿಷಿಯನ್ ಮೈಕಿನಲ್ಲಿ, "ಕಾಲು ಅಲ್ಲಾಡಿತು, ಇದನ್ನು ಮತ್ತೆ ಮಾಡಬೇಕು," ಎಂದು ತೆಲುಗಿನಲ್ಲಿ ಹೇಳಿದಳು.

ನಾನು ಕೊಟ್ಟ ಲೆಕ್ಕದಲ್ಲಿ ಇದು ಇರಲಿಲ್ಲ. ಭಾವನಿಗೆ ನಾನು ಹೇಳಿದ್ದು ಆರು ಸುತ್ತು. ಈಗ ಆರು ಅಲ್ಲ. ಹೊರಗೆ ಕಾಣುತ್ತಿದ್ದ ಎರಡು ಪಾದಗಳಲ್ಲಿ ಬಲಪಾದ ಬಿಗಿಯಾಯಿತು. ಟೆಕ್ನಿಷಿಯನ್ ಚೆಂಡು ಒತ್ತಿದರೆ ಹೊತ್ತುವ ಅಲಾರಂ ದೀಪದ ಕಡೆ ನೋಡುತ್ತಿದ್ದಳು. ನಾನೂ ಅದನ್ನೇ ನೋಡುತ್ತಿದ್ದೆ. ಅಕ್ಕ ನಮ್ಮ ಕಡೆ ತಿರುಗಲಿಲ್ಲ. ಟವೆಲ್ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಸಂತೆಯಲ್ಲಿ ರೇಟು ಕುದುರದಾಗ ಹೀಗೇ ಹೊತ್ತು ಹಿಡಿಯುತ್ತದೆ.

ದೀಪ ಹೊತ್ತಲಿಲ್ಲ. ಬಲಪಾದ ಸಡಿಲವಾಯಿತು. ಟೆಕ್ನಿಷಿಯನ್ ಗುಂಡಿ ಒತ್ತಿದಳು, ಸದ್ದು ಮತ್ತೆ ಶುರುವಾಯಿತು.

ಹಲಗೆ ಹೊರಗೆ ಬಂದಾಗ ಭಾವ ಕಣ್ಣು ಮುಚ್ಚಿಕೊಂಡೇ ಇದ್ದರು. ಎದ್ದು ಕೂತು, "ಬಾಗ್ಲು ಯಾವ ಕಡೆ?" ಎಂದು ಕೇಳಿದರು. ಅಕ್ಕ ತೋರಿಸಿದಳು. ಅವಳ ಬೆರಳುಗಳು ಕೆಂಪಾಗಿದ್ದವು.

ಸುತ್ತು ಹೆಚ್ಚಾದಾಗ ಟವೆಲ್ ಕೆಳಗೆ ಏನು ಮಾತಾಯಿತು ಎಂದು ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಭಾವ ನಕ್ಕರು. ಅಕ್ಕ, "ಅದು ಯಾಪಾರದ್ ಮಾತು. ನಿಂಗ್ಯಾಕೆ?" ಎಂದಳು.

ಸ್ಕ್ಯಾನಿನ ಚಿತ್ರಗಳಲ್ಲಿ ನರ ಒತ್ತಿಕೊಂಡ ಜಾಗ ಸ್ಪಷ್ಟವಾಗಿತ್ತು. ಕಾರ್ತಿಕದಲ್ಲಿ ಆಪರೇಷನ್ ಆಯಿತು. ಸ್ಪರ್ಶ ಕಾಲಿನ ಹರಡಿನವರೆಗೆ ಮರಳಿದೆ, ಬೆರಳುಗಳಿಗೆ ಇನ್ನೂ ಬಂದಿಲ್ಲ. ಭಾವ ಕೋಲು ಹಿಡಿದು ಸಂತೆಗೆ ಹೋಗುತ್ತಾರೆ. ಮಲಗುವ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಅಕ್ಕ ಚಿನ್ನದ ತಾಳಿಯನ್ನು ಅದೇ ದಿನ ಹಾಕಿಕೊಂಡಳು. ಅರಿಶಿನದ ಕೊಂಬನ್ನೂ ತೆಗೆದಿಲ್ಲ. ಹೋದ ಭಾನುವಾರ ಕಲ್ಯಾಣದುರ್ಗದಲ್ಲಿ ಆಟ ಮುಂದುವರಿಯಿತು. ಬೆಳಕಿನ ಬಾಯಿಯ ಹತ್ತಿರ ಕುರಿ ಸಿಕ್ಕಿತು; ಬೆದರಿದ ಅದು ಹೊರಗೆ ಹೊರಡುತ್ತದೋ ಇಲ್ಲವೋ ಎಂಬುದಕ್ಕೆ ಇನ್ನೊಂದು ದಾಳ ಹಾಕಬೇಕು ಎಂದೆ. ಮೂವರೂ ಸುರಂಗದಲ್ಲೇ ಇದ್ದಾರೆ, ಹಿಂದಿನ ದಾರಿ ಮುಚ್ಚಿದೆ, ಕೊನೆಯ ದಾಳ ಟವೆಲ್ ಕೆಳಗೆ ಬಿದ್ದಿದೆ. ಎಷ್ಟು ಎಂದು ಅವರಿಬ್ಬರು ಇನ್ನೂ ಹೇಳಿಲ್ಲ.